ಪರದೆಯ ಮೇಲಿನ ಕಲಾಮೇಳ: ನೋಡಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಮೇಡಂ, ನಾನು ಶಿರಸಿಯವಳು, ಬ್ಯಾಂಕ್ ಉದ್ಯೋಗಿ. ಹೋದ ವರ್ಷ ಮನೆ ಕಟ್ಟಿಸಿದೆವು. ಪಡಸಾಲೆಯ ಗೋಡೆಗೆಂದು ಇಂಟೀರಿಯರ್‌ನವರು ಮೂರು ತುಂಡಿನ ಕ್ಯಾನ್ವಾಸ್ ಪ್ರಿಂಟ್ ತೋರಿಸಿದರು, ಮನಸ್ಸಿಗೆ ಬರಲಿಲ್ಲ. ಈಗ ಕೆಲಸ ಮಾಡುತ್ತಿರುವ ಕಲಾವಿದರೊಬ್ಬರ ಕೃತಿಯೇ ಅಲ್ಲಿರಲಿ ಎಂಬ ಆಸೆ. ದಿಲ್ಲಿ, ಮುಂಬೈ ಮೇಳಗಳಿಗೆ ಹೋಗುವುದು ಆಗದ ಮಾತು. ಆನ್‌ಲೈನ್ ಕಲಾಮೇಳವೊಂದನ್ನು ತೆರೆದೆ, ಅರ್ಧ ಗಂಟೆಯಲ್ಲಿ ಕಣ್ಣು ದಣಿದು ಮುಚ್ಚಿದೆ. ಎಲ್ಲವೂ ಚೆಂದ ಅನ್ನಿಸಿತು, ಈಗ ಒಂದೂ ನೆನಪಿಲ್ಲ. ನಾನು ಕಲೆ ಓದಿದವಳಲ್ಲ. ಎಲ್ಲಿಂದ ಶುರು ಮಾಡಲಿ? ಬೆಲೆ ಕೆಲವಕ್ಕಿದೆ, ಕೆಲವಕ್ಕೆ ಇಲ್ಲವೇ ಇಲ್ಲ, ಯಾಕೆ? 30 ಸಾವಿರದೊಳಗೆ ಒಳ್ಳೆಯದು ಸಿಕ್ಕೀತೇ? ಕಣ್ಣಾರೆ ನೋಡದೆ ಕೊಳ್ಳಬಹುದೇ?

ಉತ್ತರ: ಎಲ್ಲವೂ ಚೆಂದ ಕಂಡು ಒಂದೂ ನೆನಪಲ್ಲಿ ಉಳಿಯದಿದ್ದದ್ದಕ್ಕೆ ನೀವು ಕಲೆ ಓದದಿರುವುದು ಕಾರಣವಲ್ಲ. ಇಪ್ಪತ್ತು ವರ್ಷದಿಂದ ಕಲೆಯ ಬಗ್ಗೆ ಬರೆಯುತ್ತಿರುವ ನನಗೂ ಆ ಪುಟಗಳ ಮುಂದೆ ಅದೇ ಆಗುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಹಾಂಗ್‌ಕಾಂಗ್‌ನ ಆರ್ಟ್ ಬಾಸೆಲ್ ಮೇಳ ರದ್ದಾದಾಗ ಅವರು ಅದನ್ನು ಆನ್‌ಲೈನ್ ‘ವ್ಯೂಯಿಂಗ್ ರೂಮ್’ಗಳಿಗೆ ತಂದರು. 235 ಗ್ಯಾಲರಿಗಳು, ಎರಡು ಸಾವಿರಕ್ಕೂ ಹೆಚ್ಚು ಕೃತಿಗಳು. ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ ಮೂವತ್ತಮೂರು ಗಂಟೆ ಬೇಕು. ಮೇಳದ ಮೈದಾನದಲ್ಲಾದರೆ ಕಾಲು ನೋಯುತ್ತದೆ, ಒಂದು ಬೆಂಚಿನ ಮೇಲೆ ಕೂರುತ್ತೀರಿ, ಎದುರಿಗಿದ್ದ ಚಿತ್ರವನ್ನು ಸುಮ್ಮನೆ ನೋಡುತ್ತಾ ಹತ್ತು ನಿಮಿಷ ಕಳೆಯುತ್ತೀರಿ. ಎಷ್ಟೋ ಸಲ ಮನೆಗೆ ಬಂದ ಮೇಲೆ ನೆನಪಿರುವುದು ಆ ಚಿತ್ರವೇ. ಪರದೆಯ ಮೇಲೆ ಕಾಲು ನೋಯುವುದಿಲ್ಲ, ಬೆರಳು ಸರಿಯುತ್ತಲೇ ಇರುತ್ತದೆ.

ಆದ್ದರಿಂದ ನನ್ನ ಮೊದಲ ಮಾತು ಇದು. ಆನ್‌ಲೈನ್ ಮೇಳಕ್ಕೆ ಚಿತ್ರ ಆರಿಸಲು ಹೋಗಬೇಡಿ, ಹೆಸರು ಹುಡುಕಲು ಹೋಗಿ. ಒಂದು ಮೇಳದಿಂದ ಎರಡು ಹೆಸರು ಸಿಕ್ಕರೆ ಸಾಕು. ಆಮೇಲಿನ ನೋಡುವಿಕೆ ಮೇಳದ ಹೊರಗೆ ನಡೆಯಬೇಕು.

ಇದನ್ನು ಹೀಗೆ ಮಾಡಿ. ಮೊದಲ ದಿನ ನಲವತ್ತು ನಿಮಿಷ ಮಾತ್ರ ಇಟ್ಟುಕೊಳ್ಳಿ. ಫೋನ್ ಬೇಡ, ಲ್ಯಾಪ್‌ಟಾಪ್ ಇರಲಿ, ಅದರ ರಾತ್ರಿಯ ಹಳದಿ ಬೆಳಕಿನ ಸೆಟ್ಟಿಂಗ್ ತೆಗೆದಿಡಿ. ವಿವರಣೆ ಓದದೆ ಸಾಗಿ. ಕಣ್ಣು ತಾನಾಗಿ ನಿಂತಲ್ಲಿ ಕಲಾವಿದರ ಹೆಸರು, ಗ್ಯಾಲರಿಯ ಹೆಸರು ಒಂದು ಕಾಗದಕ್ಕೆ ಬರೆದುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆಯಬೇಡಿ, ಬರೆಯಿರಿ. ಹದಿನೈದು ಹೆಸರು ಆಗಬಹುದು. ಎರಡು ದಿನ ಬಿಟ್ಟು ಆ ಕಾಗದ ತೆಗೆದು ನೋಡಿ. ಹೆಸರು ಓದುತ್ತಿದ್ದಂತೆ ಯಾವ ಕೃತಿ ಕಣ್ಣ ಮುಂದೆ ಬರುತ್ತದೋ ಅದಕ್ಕೊಂದು ಗುರುತು ಹಾಕಿ. ಉಳಿದವನ್ನು ಹೊಡೆದುಹಾಕಿ. ನನ್ನ ಅನುಭವದಲ್ಲಿ ಹದಿನೈದರಲ್ಲಿ ಎರಡೋ ಮೂರೋ ಉಳಿಯುತ್ತವೆ.

ಈಗ ಮೇಳದ ಪುಟ ಮುಚ್ಚಿ, ಉಳಿದ ಹೆಸರುಗಳ ಹಿಂದೆ ಹೋಗಿ. ಗ್ಯಾಲರಿಯ ಜಾಲತಾಣದಲ್ಲಿ, ಕಲಾವಿದರ ಸ್ವಂತ ತಾಣದಲ್ಲಿ ಅವರ ಹತ್ತು ವರ್ಷದ ಕೆಲಸ ನೋಡಿ. ಮೇಳಕ್ಕೆ ಗ್ಯಾಲರಿಗಳು ಸಾಮಾನ್ಯವಾಗಿ ಬೇಗ ಮಾರಾಟವಾಗುವುದನ್ನೇ ತರುತ್ತವೆ, ಅವರಿಗೂ ಖರ್ಚು ಹುಟ್ಟಬೇಕಲ್ಲ. ಕಲಾವಿದರ ಮನಸ್ಸು ತಿಳಿಯುವುದು ಹಿಂದುಮುಂದಿನ ಕೆಲಸಗಳನ್ನು ಒಟ್ಟಿಗೆ ನೋಡಿದಾಗ. ನಮ್ಮವರೇ ಒಬ್ಬರ ಉದಾಹರಣೆ ಕೊಡುತ್ತೇನೆ. ಎಲ್. ಎನ್. ತಲ್ಲೂರು ಕುಂದಾಪುರದ ಹತ್ತಿರದ ಕೋಟೇಶ್ವರದವರು. ಅವರ ಒಂದು ಶಿಲ್ಪವನ್ನಷ್ಟೇ ಪರದೆಯ ಮೇಲೆ ಕಂಡರೆ ‘ಹಳೆಯ ದೇವರ ಮೂರ್ತಿಗೆ ಏನೋ ಅಂಟಿಸಿದ್ದಾರೆ’ ಎಂದುಕೊಂಡು ಮುಂದೆ ಹೋಗುತ್ತೀರಿ. ಅವರ ಪರಿಚಯದ ಪುಟ ಓದಿ: ಮೈಸೂರಿನ ಕಲಾಶಾಲೆ ‘ಕಾವಾ’ದಲ್ಲಿ ಚಿತ್ರಕಲೆ, ಆಮೇಲೆ ಬರೋಡಾದಲ್ಲಿ ಮ್ಯೂಸಿಯಂ ಶಾಸ್ತ್ರ. ಮ್ಯೂಸಿಯಂ ಒಳಗೆ ವಸ್ತುಗಳು ಹೇಗೆ ಬರುತ್ತವೆ, ಪೂಜೆಯ ವಿಗ್ರಹ ಯಾವ ಗಳಿಗೆಯಲ್ಲಿ ‘ಪ್ರದರ್ಶನದ ವಸ್ತು’ ಆಗುತ್ತದೆ ಎನ್ನುವುದನ್ನು ಓದಿಕೊಂಡವರ ಕೈಕೆಲಸ ಅದು. ಇಷ್ಟು ತಿಳಿದ ಮೇಲೆ ಅದೇ ಶಿಲ್ಪಕ್ಕೆ ಮರಳಿ ಬಂದರೆ ಅದು ನಿಮ್ಮ ಜೊತೆ ಮಾತಿಗೆ ಕೂರುತ್ತದೆ.

ಈ ಹಿಂಬಾಲಿಸುವ ಕೆಲಸಕ್ಕೆ ಕಾಸು ಖರ್ಚಿಲ್ಲದ ಒಳ್ಳೆಯ ಜಾಗಗಳಿವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ‘ಮ್ಯಾಪ್’ ವಸ್ತುಸಂಗ್ರಹಾಲಯ 2020ರ ಡಿಸೆಂಬರ್‌ನಲ್ಲಿ, ಕಟ್ಟಡಕ್ಕಿಂತ ಮೊದಲು, ಆನ್‌ಲೈನ್‌ನಲ್ಲೇ ಬಾಗಿಲು ತೆರೆಯಿತು. ಕಟ್ಟಡ ತೆರೆದದ್ದು 2023ರ ಫೆಬ್ರುವರಿಯಲ್ಲಿ. ಅದರ ‘ಮ್ಯಾಪ್ ಅಕಾಡೆಮಿ’ ದಕ್ಷಿಣ ಏಷ್ಯಾದ ಕಲೆಯ ವಿಶ್ವಕೋಶವನ್ನೇ ಕಟ್ಟುತ್ತಿದೆ. ಹಾಂಗ್‌ಕಾಂಗ್‌ನ ಏಷ್ಯಾ ಆರ್ಟ್ ಆರ್ಕೈವ್‌ನ ಜಾಲತಾಣದಲ್ಲಿ ಭಾರತದ ಕಲಾವಿದರ ಹಳೆಯ ಫೋಟೋ, ಪತ್ರ, ಕ್ಯಾಟಲಾಗ್‌ಗಳು ಸಿಗುತ್ತವೆ. ಕನ್ನಡದಲ್ಲೇ ಓದಬೇಕೆಂದರೆ ರವಿಕುಮಾರ್ ಕಾಶಿಯವರ ಬರಹ ಹುಡುಕಿ. ಕಾಗದವನ್ನೇ ಮಾಧ್ಯಮ ಮಾಡಿಕೊಂಡವರು, ಗ್ಲಾಸ್ಗೋ ಮತ್ತು ಕೊರಿಯಾದಲ್ಲಿ ಕಾಗದ ತಯಾರಿಸುವುದನ್ನು ಕಲಿತು ಬಂದವರು, ಇತರರ ಕಲೆಯ ಬಗ್ಗೆಯೂ ತಿಳಿಯಾಗಿ ಬರೆಯುತ್ತಾರೆ.

ಇನ್ನು ಚಿತ್ರದ ಕೆಳಗಿನ ಆ ಸಣ್ಣಕ್ಷರದ ಸಾಲು. ಹೆಚ್ಚಿನವರು ಅದನ್ನು ದಾಟಿ ಹೋಗುತ್ತಾರೆ. ನನ್ನ ಮಟ್ಟಿಗೆ ಆನ್‌ಲೈನ್ ಮೇಳದಲ್ಲಿ ಚಿತ್ರಕ್ಕಿಂತ ಹೆಚ್ಚು ನಿಜ ಹೇಳುವುದು ಆ ಸಾಲೇ. ಉದಾಹರಣೆಗೆ ‘2023, ಕಾಗದದ ಮೇಲೆ ಎಚಿಂಗ್, 12 × 9 ಇಂಚು, 3/25’ ಎಂದಿದೆ ಅನ್ನಿ. ಮೊದಲ ಅಂಕಿ ಎತ್ತರ, ಎರಡನೆಯದು ಅಗಲ. ಶಿಲ್ಪಕ್ಕಾದರೆ ಮೂರನೆಯದು ಆಳ. ಮನೆಯಲ್ಲಿ ಟೇಪು ತಗೊಂಡು 12 ಇಂಚು ಎತ್ತರ, 9 ಇಂಚು ಅಗಲದ ಒಂದು ದಿನಪತ್ರಿಕೆಯ ತುಂಡು ಕತ್ತರಿಸಿ, ಪಡಸಾಲೆಯ ಗೋಡೆಗೆ ಅಂಟಿಸಿ, ಎದುರಿನ ಕುರ್ಚಿಯಲ್ಲಿ ಕೂತು ನೋಡಿ. ಪರದೆಯ ಮೇಲೆ ಇಡೀ ಕಣ್ಣು ತುಂಬಿದ್ದ ಚಿತ್ರ ಅಗಲಿಸಿಟ್ಟ ಎರಡು ಕೈಗಳಷ್ಟು ಇದೆ ಎಂದು ಆಗ ತಿಳಿಯುತ್ತದೆ. ಕೆಲವು ತಾಣಗಳು ಸೋಫಾದ ಮೇಲ್ಗಡೆ ಚಿತ್ರ ತೂಗಿದಂತೆ ಕಂಪ್ಯೂಟರಿನಲ್ಲಿ ಕೂಡಿಸಿ ತೋರಿಸುತ್ತವೆ. ಆ ಸೋಫಾ ನಿಮ್ಮದಲ್ಲ, ಗೋಡೆಯೂ ನಿಮ್ಮದಲ್ಲ. ಪತ್ರಿಕೆಯ ತುಂಡನ್ನು ನಂಬಿ. ಒಂದು ವಾರ ಅದು ಗೋಡೆಯ ಮೇಲಿರಲಿ, ಮನೆಯವರಿಗೂ ಅಭ್ಯಾಸವಾಗಲಿ.

‘3/25’ ಎಂದರೆ ಒಂದೇ ತಗಡಿನಿಂದ 25 ಅಚ್ಚು ತೆಗೆದಿದ್ದಾರೆ, ಇದು ಮೂರನೆಯದು. ಎಚಿಂಗ್, ವುಡ್‌ಕಟ್, ಲಿಥೋ ಇಂಥವುಗಳಲ್ಲಿ ಕಲಾವಿದರೇ ತಗಡನ್ನೋ ಮರವನ್ನೋ ಕೊರೆದಿರುತ್ತಾರೆ, ಇಲ್ಲವೇ ಕಲ್ಲಿನ ಮೇಲೆ ಚಿತ್ರ ಬರೆದಿರುತ್ತಾರೆ, ಪ್ರತಿ ಅಚ್ಚೂ ಮೂಲ ಕೃತಿಯೇ. ಪೆನ್ಸಿಲ್ಲಿನಲ್ಲಿ ಅಂಕಿ, ಸಹಿ ಇರುತ್ತದೆ. ‘ಎ.ಪಿ.’ ಎಂದಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ. ಆದರೆ ‘ಆರ್ಕೈವಲ್ ಪಿಗ್ಮೆಂಟ್ ಪ್ರಿಂಟ್’ ಅಥವಾ ‘ಜಿಕ್ಲೇ’ (ಎರಡೂ ಕಂಪ್ಯೂಟರಿನಿಂದ ತೆಗೆದ ಉತ್ತಮ ಶಾಯಿ ಮುದ್ರಣ) ಎಂದು ಕಂಡರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಮೂಲ ಏನು? ಎನ್. ಪುಷ್ಪಮಾಲಾ ಅವರಂಥವರು ತಾವೇ ವೇಷ ಹಾಕಿ, ದೃಶ್ಯ ಕಟ್ಟಿ, ಫೋಟೋ ಆಗಿಯೇ ಕೃತಿಯನ್ನು ಯೋಚಿಸಿದವರು. ಅಲ್ಲಿ ಪ್ರಿಂಟೇ ಕೃತಿ. ಅದೇ ಒಂದು ತೈಲವರ್ಣದ ಚಿತ್ರವನ್ನು ಸ್ಕ್ಯಾನ್ ಮಾಡಿ ಕ್ಯಾನ್ವಾಸ್ ಮೇಲೆ ಮುದ್ರಿಸಿ ‘ಲಿಮಿಟೆಡ್ ಎಡಿಷನ್’ ಎಂದರೆ ಅದು ಒಳ್ಳೆಯ ನಕಲು, ಅಷ್ಟೇ. ನಿಮ್ಮ ಮೂರು ತುಂಡಿನ ಕ್ಯಾನ್ವಾಸಿಗೂ ಅದಕ್ಕೂ ಇರುವ ಅಂತರ ಮುದ್ರಣದ ಗುಣಮಟ್ಟದ್ದು ಮಾತ್ರ. ಬೆಲೆ ಕಡಿಮೆ ಇದ್ದು, ಚಿತ್ರ ತುಂಬ ಇಷ್ಟವಾಗಿದ್ದರೆ ಕೊಳ್ಳಿ, ಆದರೆ ಮೂಲ ಕೃತಿ ಎಂದುಕೊಂಡು ಕೊಳ್ಳಬೇಡಿ.

ಪರದೆ ಏನನ್ನು ಮುಚ್ಚಿಡುತ್ತದೆ ಎನ್ನುವುದಕ್ಕೆ ನನಗೆ ಸದಾ ನೆನಪಾಗುವುದು ಶೀಲಾ ಗೌಡ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಇವರು ಸಗಣಿ, ಕುಂಕುಮ, ನೂಲು, ಡಾಂಬರು ಡ್ರಮ್ಮಿನ ತಗಡು ಹೀಗೆ ನಮ್ಮ ಕಣ್ಣೆದುರಿನ ವಸ್ತುಗಳನ್ನೇ ಕಲೆಗೆ ತಂದವರು. 2009ರ ‘ಬಿಹೋಲ್ಡ್’ ಎಂಬ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಫೋಟೋದಲ್ಲಿ ನೋಡಿದರೆ ಬಿಳಿ ಗೋಡೆ, ಕಪ್ಪು ದಾರದ ಸಿಕ್ಕು, ನಡುವೆ ತೂಗಾಡುವ ಹೊಳೆಯುವ ಲೋಹ. ‘ಒಳ್ಳೆಯ ವಿನ್ಯಾಸ’ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಆ ದಾರ ದಾರವಲ್ಲ, ಮನುಷ್ಯರ ಕೂದಲನ್ನು ಹೊಸೆದು ಮಾಡಿದ ಹಗ್ಗ, ಸುಮಾರು 4 ಕಿಲೋಮೀಟರ್. ಲೋಹ ಎಂದರೆ ಕಾರಿನ ಬಂಪರುಗಳು. ದೃಷ್ಟಿ ತಾಗದಿರಲಿ ಎಂದು ನಮ್ಮ ಚಾಲಕರು ಬಂಪರಿಗೆ ಕೂದಲಿನ ಹಗ್ಗ ಕಟ್ಟುವುದನ್ನು ನೀವೂ ಕಂಡಿರುತ್ತೀರಿ. ಅಷ್ಟು ಭಾರದ ಉಕ್ಕನ್ನು ಅಷ್ಟು ಹಗುರವಾದ ಕೂದಲು ಎತ್ತಿ ಹಿಡಿದಿದೆ. ಆ ಭಾರ, ಆ ಭಯ, ಹರಕೆಯ ಮುಡಿಯ ನೆನಪು, ಇದ್ಯಾವುದೂ ಫೋಟೋದಲ್ಲಿ ಇಲ್ಲ. ವಸ್ತುವಿನ ಸಾಲನ್ನು ಓದಿದವರಿಗೆ ಮಾತ್ರ ಅದರ ಸುಳಿವು ಸಿಗುತ್ತದೆ. ಆದ್ದರಿಂದಲೇ ಹೇಳಿದ್ದು, ಸಣ್ಣಕ್ಷರ ಓದಿ ಎಂದು.

ವಿನ್ಯಾಸದ ವಸ್ತುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ 30 ಸಾವಿರದ ಲೆಕ್ಕಕ್ಕೆ ಅದೂ ದಾರಿ. ದಿಲ್ಲಿಯ ಇಂಡಿಯಾ ಆರ್ಟ್ ಫೇರ್ 2024ರಲ್ಲಿ ಮೊದಲ ಸಲ ವಿನ್ಯಾಸಕ್ಕೆಂದೇ ವಿಭಾಗ ತೆರೆಯಿತು. ಹಿತ್ತಾಳೆ, ಕಸೂತಿ, ಮರ, ಮಣ್ಣು ಇವುಗಳಲ್ಲಿ ಕುಶಲಕರ್ಮಿಗಳ ಜೊತೆ ಸೇರಿ ಮಾಡಿದ ಕೆಲಸಗಳು ಅಲ್ಲಿ ಬರುತ್ತವೆ. ದೊಡ್ಡ ಸ್ಟುಡಿಯೋಗಳ ಬೆಲೆ ನಮ್ಮ ಕೈಗೆಟುಕದು. ಆದರೆ ಅಲ್ಲಿ ನೋಡಿ ಕಣ್ಣು ಪಳಗಿಸಿಕೊಂಡರೆ ನಮ್ಮ ಪಕ್ಕದ್ದೇ ಬೇರೆಯಾಗಿ ಕಾಣತೊಡಗುತ್ತದೆ. ಬಿದರಿಯನ್ನೇ ತಗೊಳ್ಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಗೆರೆ ಕೆತ್ತಿ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಉಳಿಯುತ್ತದೆ. ಪರದೆಯ ಮೇಲೆ ಆ ಕಪ್ಪು ಬರೀ ಕಪ್ಪು. ಕೈಯಲ್ಲಿ ಹಿಡಿದರೆ ಅದು ಬೆಳಕನ್ನು ನುಂಗುವ, ಮಳೆಗಾಲದ ಬಂಡೆಯಂಥ ಕಪ್ಪು, ಎತ್ತಿದರೆ ಅನಿರೀಕ್ಷಿತ ಭಾರ. ಬಣ್ಣ ಹೊಡೆದ ನಕಲಿಗೂ ಅದಕ್ಕೂ ಫೋಟೋದಲ್ಲಿ ವ್ಯತ್ಯಾಸ ತಿಳಿಯದು. ವಿನ್ಯಾಸದ ವಸ್ತು ಕಂಡಾಗ ನಾನು ಮೊದಲು ಹುಡುಕುವುದು, ಮಾಡಿದ ಕೈಯ ಹೆಸರು ಬರೆದಿದ್ದಾರೆಯೇ ಎಂದು. ವಿನ್ಯಾಸಕರ ಹೆಸರು ದಪ್ಪಕ್ಷರದಲ್ಲಿದ್ದು ಎರಕ ಹೊಯ್ದವರ ಸುಳಿವೇ ಇಲ್ಲದಿದ್ದರೆ ನನಗೆ ಮನಸ್ಸು ಒಪ್ಪುವುದಿಲ್ಲ. ನೀವೂ ಕೇಳಿ. ಕೇಳುವವರು ಹೆಚ್ಚಾದರೆ ಬರೆಯುವವರೂ ಹೆಚ್ಚಾಗುತ್ತಾರೆ.

ಬೆಲೆಯ ವಿಷಯ. ‘ಪ್ರೈಸ್ ಆನ್ ರಿಕ್ವೆಸ್ಟ್’ ಎಂದು ಬರೆದಿದ್ದರೆ ಹೆದರಬೇಡಿ, ದುಬಾರಿ ಎಂದೇ ಅರ್ಥವಲ್ಲ. ಬೆಲೆ ಮುಚ್ಚಿಡುವುದು ಗ್ಯಾಲರಿಗಳ ಹಳೆಯ ರೂಢಿ. ಯಾರು ಕೇಳುತ್ತಿದ್ದಾರೆ ಎಂದು ತಿಳಿದು ಮಾತು ಶುರು ಮಾಡುವ ಇಷ್ಟ ಅವರಿಗೆ. ಪೂರ್ತಿ ಆನ್‌ಲೈನ್ ಆದ ಮೊದಲ ದೊಡ್ಡ ಮೇಳ, 2011ರ ಜನವರಿಯ ‘ವಿ.ಐ.ಪಿ. ಆರ್ಟ್ ಫೇರ್’ನಲ್ಲಿ, ನೋಡುಗರೂ ಗ್ಯಾಲರಿಯವರೂ ಮಾತಾಡಲೆಂದು ಚಾಟ್ ಇಟ್ಟಿದ್ದರು. ಜನ ಮುಗಿಬಿದ್ದು ತಾಣ ನಿಧಾನವಾಗಿ, ಚಾಟ್ ಅನ್ನೇ ನಿಲ್ಲಿಸಬೇಕಾಯಿತು. ನೋಡುವವರಿಗೆ ಚಿತ್ರದಷ್ಟೇ ಮಾತೂ ಬೇಕಿತ್ತು ಅನ್ನುವುದು ಅಲ್ಲೇ ಗೊತ್ತಾಯಿತು. ಈಗ ಇಮೇಲ್ ಇದೆ, ವಾಟ್ಸಾಪ್ ಇದೆ. ಸಂಕೋಚವಿಲ್ಲದೆ ಬರೆಯಿರಿ: ಬೆಲೆ ಎಷ್ಟು, ತೆರಿಗೆ ಸೇರಿದೆಯೇ, ಫ್ರೇಮ್ ಇದೆಯೇ, ಸಾಗಣೆ ಮತ್ತು ವಿಮೆ ಯಾರ ಖರ್ಚು, ಕಲಾವಿದರ ಸಹಿಯ ಪ್ರಮಾಣಪತ್ರ ಕೊಡುತ್ತೀರಾ, ಹಾಳಾಗಿ ಬಂದರೆ ಏನು. ಕೈಯಿಂದ ಮಾಡಿದ ಚಿತ್ರ, ಶಿಲ್ಪಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಇನ್ನೊಂದು, ಚಿತ್ರ ಕೊಂಡರೆ ಅದರ ಹಕ್ಕುಸ್ವಾಮ್ಯ ನಿಮಗೆ ಬರುವುದಿಲ್ಲ. ಗೋಡೆಗೆ ಹಾಕಬಹುದು, ಮಾರಬಹುದು. ಕ್ಯಾಲೆಂಡರಿಗೆ ಮುದ್ರಿಸಬೇಕಾದರೆ ಕಲಾವಿದರನ್ನು ಕೇಳಬೇಕು.

ಗ್ಯಾಲರಿಗೆ ಬರೆಯುವ ಆ ಪತ್ರದಲ್ಲೇ ಇನ್ನೂ ಎರಡು ಬೇಡಿಕೆ ಇಡಿ. ಕೃತಿಯ ಹಿಂಬದಿಯ ಫೋಟೋ, ಮತ್ತು ಒಂದು ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದ ಫೋಟೋ. ಓರೆ ಬೆಳಕಿನಲ್ಲಿ ಬಣ್ಣದ ದಪ್ಪ, ಕುಂಚದ ಗೆರೆ, ಕಾಗದದ ಅಲೆ, ಬಿರುಕು, ಎಲ್ಲ ಎದ್ದು ಕಾಣುತ್ತವೆ. ಇದು ನಾನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷದ ಹಿಂದೆ ಒಂದು ಆನ್‌ಲೈನ್ ಮಾರಾಟಗಾರರಿಂದ ಒಂದು ವುಡ್‌ಕಟ್ ತರಿಸಿದೆ. ಪರದೆಯ ಮೇಲೆ ಗಾಢ ನೀಲಿ. ಬಂದದ್ದು ಕೊಳವೆಯಲ್ಲಿ ಬಿಗಿಯಾಗಿ ಸುತ್ತಿದ ಕಾಗದ, ಬೂದು ಬಣ್ಣಕ್ಕೆ ತಿರುಗಿದ ನೀಲಿ, ನಡುವೆ ಅಡ್ಡಲಾಗಿ ಒಂದು ಮಡಿಕೆಯ ಗೆರೆ. ಕೇಳಿದರೆ ‘ಪರದೆಯಿಂದ ಪರದೆಗೆ ಬಣ್ಣ ಬೇರೆಯಾಗುತ್ತದೆ’ ಎಂಬ ಉತ್ತರ ಬಂತು. ಬಣ್ಣದ ಮಾತು ನಿಜವೇ, ಮಡಿಕೆಗೆ ಯಾವ ಪರದೆಯೂ ಕಾರಣವಲ್ಲ. ದುಡ್ಡು ವಾಪಸ್ ಬರಲಿಲ್ಲ. ಆ ಕಲಾವಿದರ ತಿಂಗಳುಗಟ್ಟಲೆಯ ಕೆಲಸ ಹಾಗೆ ಹಾಳಾದದ್ದು ನನಗೆ ದುಡ್ಡಿಗಿಂತ ಹೆಚ್ಚು ನೋವು ಕೊಟ್ಟಿತು. ಕಾಗದದ ಕೃತಿಯನ್ನು ಎರಡು ಗಟ್ಟಿ ಹಲಗೆಯ ನಡುವೆ ಸಪಾಟಾಗಿ ಇಟ್ಟೇ ಕಳಿಸಿ ಎಂದು ಈಗ ಮೊದಲೇ ಬರೆದು ಕೇಳುತ್ತೇನೆ.

30 ಸಾವಿರದೊಳಗೆ ಸಿಗುತ್ತದೆಯೇ? ಖಂಡಿತ. ಆದರೆ ದೊಡ್ಡ ಹೆಸರಿನ ಕ್ಯಾನ್ವಾಸ್ ಸಿಗದು. ಎಚಿಂಗ್, ವುಡ್‌ಕಟ್, ಸಣ್ಣ ಜಲವರ್ಣ, ರೇಖಾಚಿತ್ರ, ಪುಟ್ಟ ಸೆರಾಮಿಕ್ ಇವುಗಳಲ್ಲಿ ಹುಡುಕಿ. ಈಗಷ್ಟೇ ಕಾಲೇಜು ಮುಗಿಸಿದವರ ಕಡೆ ನೋಡಿ. ಕಾವಾ, ಚಿತ್ರಕಲಾ ಪರಿಷತ್ತು, ಧಾರವಾಡ, ದಾವಣಗೆರೆ, ಕಲಬುರಗಿಯ ಕಲಾಶಾಲೆಗಳಿಂದ ಬಂದ ಹುಡುಗ ಹುಡುಗಿಯರು ತಮ್ಮ ಕೆಲಸವನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಿರುತ್ತಾರೆ. ಮೇಳದಲ್ಲಿ ಕಂಡ ಹಿರಿಯ ಕಲಾವಿದರ ಪುಟಕ್ಕೆ ಹೋಗಿ ಅವರು ಯಾರ ಕೆಲಸವನ್ನು ಮೆಚ್ಚಿ ಹಂಚಿಕೊಂಡಿದ್ದಾರೆ ನೋಡಿ. ನನಗೆ ಇಷ್ಟವಾದ ಎಷ್ಟೋ ಹೊಸ ಹೆಸರುಗಳು ಆ ದಾರಿಯಿಂದಲೇ ಸಿಕ್ಕಿವೆ.

ನೋಡದೆ ಕೊಳ್ಳುವ ಪ್ರಶ್ನೆಗೆ ನನ್ನ ಉತ್ತರ ಎರಡು ತುಂಡು. ಅಂಕಿ ಹಾಕಿದ ಅಚ್ಚು, ಫೋಟೋ, ರೇಖಾಚಿತ್ರ ಇವನ್ನು, ಆರು ತಿಂಗಳು ಹಿಂಬಾಲಿಸಿದ ಕಲಾವಿದರದಾದರೆ, ನೋಡದೆಯೂ ಕೊಳ್ಳಬಹುದು. ದಪ್ಪ ಬಣ್ಣದ ಕ್ಯಾನ್ವಾಸ್, ಶಿಲ್ಪ, ಬಟ್ಟೆ, ಲೋಹ, ಇವನ್ನು ಅದೇ ಕಲಾವಿದರ ಬೇರೊಂದು ಕೃತಿಯನ್ನಾದರೂ ಒಮ್ಮೆ ಎದುರಿಗೆ ಕಂಡ ಮೇಲೆ ಕೊಳ್ಳಿ. ದಿಲ್ಲಿಗೆ ಹೋಗಬೇಕಿಲ್ಲ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಬನ್ನಿ. 2021ರಲ್ಲಿ ಕೋವಿಡ್ ಕಾರಣದಿಂದ ಆ ಸಂತೆಯೂ ಆನ್‌ಲೈನ್ ಆಗಿತ್ತು. ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಕಲಾವಿದರ ಪಕ್ಕದಲ್ಲೇ ನಿಂತು ‘ಇದನ್ನು ಹೇಗೆ ಮಾಡಿದಿರಿ’ ಎಂದು ಕೇಳುವ ಅವಕಾಶ ಎಷ್ಟು ದೊಡ್ಡದು ಎಂದು ಆ ವರ್ಷ ನಮಗೆಲ್ಲ ಗೊತ್ತಾಯಿತು. ಅದೇ ದಿನ ಹತ್ತಿರದ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), ಮ್ಯಾಪ್ ಎರಡನ್ನೂ ನೋಡಿಕೊಂಡು ರಾತ್ರಿ ಬಸ್ಸಿಗೆ ಊರಿಗೆ ಮರಳಬಹುದು. ಬರುವ ಮುನ್ನ ಅವು ತೆರೆದಿರುವ ದಿನ ಮಾತ್ರ ವಿಚಾರಿಸಿಕೊಳ್ಳಿ.

ಕೊನೆಗೆ ಶಿರಸಿಯವರಿಗೆಂದೇ ಒಂದು ಮಾತು, ಇದನ್ನು ಯಾವ ಮೇಳದ ಪುಟವೂ ಹೇಳುವುದಿಲ್ಲ. ನಿಮ್ಮ ಮಳೆಗಾಲ ಕಾಗದದ ಶತ್ರು. ಪಾರ್ಸಲ್ ಬಂದ ಕೂಡಲೇ ಹೊರ ಪೆಟ್ಟಿಗೆಯ ಫೋಟೋ ತೆಗೆದಿಟ್ಟುಕೊಳ್ಳಿ, ಒಳ ಹೊದಿಕೆಯನ್ನು ಒಂದು ದಿನ ಹಾಗೇ ಕೋಣೆಯಲ್ಲಿಟ್ಟು ಆಮೇಲೆ ಬಿಚ್ಚಿ. ಫ್ರೇಮ್ ಹಾಕಿಸುವಾಗ ಆಮ್ಲರಹಿತ ಮೌಂಟ್ ಬೋರ್ಡ್ ಕೇಳಿ, ಗಾಜು ಕಾಗದಕ್ಕೆ ತಾಗದಂತೆ ನಡುವೆ ಸಂದು ಇರಲಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಕಾರ್ಕನ್ನು ಬಿಲ್ಲೆಯಂತೆ ಕತ್ತರಿಸಿ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ಮಧ್ಯೆ ಗಾಳಿಯಾಡುತ್ತದೆ, ಬೂಸಲು ಹಿಡಿಯುವುದಿಲ್ಲ. ಮಳೆ ಬಡಿಯುವ ಹೊರಗೋಡೆಗೆ ತೂಗಬೇಡಿ, ಒಳಗಿನ ಗೋಡೆ ಆರಿಸಿ. ಹೊಸ ಮನೆ ಅಂದಿರಿ, ಗೋಡೆಯ ಗಾರೆಯಲ್ಲಿ ಇನ್ನೂ ತೇವ ಇರಬಹುದು. ಈ ಮಳೆಗಾಲ ಪತ್ರಿಕೆಯ ತುಂಡೇ ಅಲ್ಲಿರಲಿ, ದೀಪಾವಳಿ ಕಳೆದ ಮೇಲೆ ಮೊಳೆ ಹೊಡೆಯಿರಿ.